ದಸರಾಗೆ ನಾಯಿಯ ತಿಂಡಿ: ರಾಗಿಯೋ, ಗೋಧಿಯೋ, ಗೆಣಸೋ, ಕೋಳಿಯೋ?

ನವರಾತ್ರಿ ಹತ್ತಿರ ಬಂತು ಅಂದರೆ ಮೈಸೂರಿನ ಅಡುಗೆಮನೆಗಳಲ್ಲಿ ಡಬ್ಬಗಳು ಒಂದೊಂದಾಗಿ ತುಂಬುತ್ತವೆ. ಬೊಂಬೆ ನೋಡಲು ಬರುವ ಮಕ್ಕಳಿಗೆ ಬೊಂಬೆ ಬಾಗಿನ ಕೊಡಬೇಕಲ್ವಾ? ಕೋಡುಬಳೆ, ಚಕ್ಕುಲಿ, ರವೆ ಉಂಡೆ, ಕೊಬ್ಬರಿ ಮಿಠಾಯಿ, ಹೀಗೆ ದಿನಕ್ಕೊಂದು ಆಗುತ್ತಿರುತ್ತದೆ. ಮನೆಯ ನಾಯಿ ಅಡುಗೆಮನೆ ಬಾಗಿಲು ಬಿಟ್ಟು ಕದಲುವುದಿಲ್ಲ. ಅದಕ್ಕೂ ಹಬ್ಬದ ಪಾಲು ಸಿಗಬೇಕು ಅನ್ನಿಸುತ್ತದೆ. ನನಗಂತೂ ಇದು ಹಬ್ಬದ ಕೆಲಸಗಳಲ್ಲಿ ಒಂದು. ಆದರೆ ಆ ಪಾಲು ನಮ್ಮ ಡಬ್ಬದಿಂದ ಹೋಗಬಾರದು, ಅದಕ್ಕೆಂದೇ ಬೇರೆ ಬೇಯಿಸಬೇಕು.

ಬೇರೆ ಮಾಡುವುದು ಅಂದಾಗ ಯಾವುದರಿಂದ ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಈ ಊರಿನಲ್ಲಿ ಸುಲಭವಾಗಿ ಸಿಗುವುದು ನಾಲ್ಕು: ರಾಗಿ, ಗೋಧಿ, ಗೆಣಸು, ಕೋಳಿ. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ರಾಗಿ, ಸಿಹಿಕುಂಬಳ, ಮೊಟ್ಟೆ ಸೇರಿಸಿ ಮಾಡಿದ ಬಿಸ್ಕತ್ತೇ ಸರಿ. ಆದರೆ ಹಲ್ಲಿಲ್ಲದ ಮುದಿ ನಾಯಿಗೆ, ಗಬಗಬ ನುಂಗುವ ಲ್ಯಾಬ್ರಡಾರ್‌ಗೆ, ಮೈ ಕೆರೆದುಕೊಳ್ಳುವ ನಾಯಿಗೆ ಲೆಕ್ಕ ಬೇರೆ. ಹಲ್ಲು, ಹೊಟ್ಟೆ, ತೂಕ ಮೂರನ್ನೂ ನೋಡಿಕೊಂಡು ತೀರ್ಮಾನಿಸಿ.

ಯಾವುದನ್ನು ಮಾಡಿದರೂ ಇವು ಬೇಡ

"ಪಾಪ, ಅದೂ ಮನೆ ಮಗೀನಂಗೇ ಅಲ್ವೇನವ್ವ, ಒಂದು ಒಬ್ಬಟ್ಟು ಹಾಕುದ್ರೆ ಏನಾಯ್ತದೆ?" ಎಂದು ಮಂಡ್ಯ ಕಡೆಯ ಅಜ್ಜಿಯರು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅವರಿಗೆ ಸಮಾಧಾನವಾಗಿ ಕಾರಣ ಹೇಳಬೇಕು. ಒಬ್ಬಟ್ಟು, ಮೈಸೂರು ಪಾಕು ಇವೆಲ್ಲ ತುಪ್ಪ ತುಂಬಿದ ತಿಂಡಿಗಳು. ಒಂದೇ ಸಲ ಜಾಸ್ತಿ ಕೊಬ್ಬು ಒಳಗೆ ಹೋದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು ಶುರುವಾಗಿ ಹಬ್ಬದ ದಿನವೇ ಡ್ರಿಪ್ ಹಾಕಿಸುವ ಪರಿಸ್ಥಿತಿ ಬರುತ್ತದೆ. ಒಬ್ಬಟ್ಟಿಗೆ ಹಾಕುವ ಜಾಯಿಕಾಯಿಯೂ ನಾಯಿಗೆ ಒಳ್ಳೆಯದಲ್ಲ. ಒಂದು ಚಿಟಿಕೆಗೆ ಏನೂ ಆಗಲಿಕ್ಕಿಲ್ಲ. ಪ್ರಮಾಣ ಹೆಚ್ಚಾದರೆ ನಡುಕ, ಭ್ರಮೆ ಬರಬಹುದು. ನಾಯಿಯ ತಿಂಡಿಗೆ ಅದು ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಭಯ ಪಾಯಸದ ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುತ್ತದೆ, ಹಾಗಾಗಿ ಒಂದೆರಡು ಪರವಾಗಿಲ್ಲ ಎಂದುಕೊಳ್ಳುವ ಹಾಗಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬೊಟ್ಟು ಮಾಡಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಆದ್ದರಿಂದ ಪುಳಿಯೋಗರೆ, ಹುಣಸೆ ಗೊಜ್ಜು, ಹುಳಿ ಕಲಸಿದ ಅನ್ನ ಯಾವುದೂ ನಾಯಿ ತಟ್ಟೆಗೆ ಹೋಗಬಾರದು. ನಮ್ಮ ಮನೆಗಳಲ್ಲಿ ಮಿಕ್ಕಿದ ಅನ್ನವನ್ನು ನಾಯಿಗೆ ಹಾಕುವ ರೂಢಿ ಇದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಚಾಕೊಲೇಟ್ ಬೇಡ. ಬಣ್ಣಕ್ಕೆಂದು ಕೋಕೋ ಪುಡಿಯಂತೂ ಬೇಡವೇ ಬೇಡ, ಚಾಕೊಲೇಟ್ ಕಪ್ಪಾದಷ್ಟೂ ವಿಷ ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿದ್ದರೂ ಬೆಂದಿದ್ದರೂ ಪುಡಿಯಾಗಿದ್ದರೂ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಿಪ್ಪಟ್ಟಿನಲ್ಲಿ ಈರುಳ್ಳಿ ಇರಬಹುದು ಎಂಬುದು ನೆನಪಿರಲಿ. ಶುಗರ್ ಫ್ರೀ ಎಂದು ಬರೆದ ಕೆಲವು ವಸ್ತುಗಳಲ್ಲಿ ಸಕ್ಕರೆಯ ಬದಲು ಜೈಲಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ. ಅದು ಸ್ವಲ್ಪ ಹೋದರೂ ನಾಯಿಯ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಈಸ್ಟ್ ಹಾಕಿ ಕಲಸಿದ ಹಸಿ ಹಿಟ್ಟು ಹೊಟ್ಟೆಯೊಳಗೇ ಉಬ್ಬುತ್ತದೆ. ಉಪ್ಪು, ಸೋಡಾ, ಬೇಕಿಂಗ್ ಪೌಡರ್ ಹಾಕುವ ಅಗತ್ಯವೇ ಇಲ್ಲ, ನಾಯಿಯ ಬಿಸ್ಕತ್ತು ಉಬ್ಬಬೇಕಾಗಿಲ್ಲ.

ಬೆಲ್ಲ? ಅದು ವಿಷವಲ್ಲ. ಆದರೂ ಬಿಡಿ. ಮಂಡ್ಯದ ಅಚ್ಚು ಬೆಲ್ಲದ ಮೇಲೆ ನಮಗೆ ಎಷ್ಟೇ ಅಭಿಮಾನ ಇದ್ದರೂ ನಾಯಿಗೆ ಅದರಿಂದ ತೂಕ ಏರುತ್ತದೆ, ಹಲ್ಲು ಹಾಳಾಗುತ್ತದೆ. ಕುಂಬಳ, ಗೆಣಸಿನಲ್ಲಿರುವ ಸಿಹಿಯೇ ಅದಕ್ಕೆ ಸಾಕು.

ನಾಯಿ ದ್ರಾಕ್ಷಿ, ಚಾಕೊಲೇಟ್ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಇನ್ನೊಂದು ಅಪಾಯ.

ರಾಗಿ

ರಾಗಿಯನ್ನು ನಾನು ಮೊದಲು ಇಡುವುದಕ್ಕೆ ಊರಿನ ಅಭಿಮಾನ ಒಂದೇ ಕಾರಣವಲ್ಲ. ಇದು ಇಂಡಾಫ್ ರಾಗಿ ತಳಿಗಳು ಹುಟ್ಟಿದ ಸೀಮೆ, ಮಿಲ್ಲಿನಲ್ಲಿ ಆಗತಾನೆ ಬೀಸಿದ ಹಿಟ್ಟು ಎಲ್ಲ ಕಡೆ ಸಿಗುತ್ತದೆ, ಅದು ನಿಜ. ಜೊತೆಗೆ, ನಾಯಿಗಳಿಗೆ ಅಲರ್ಜಿ ತರುವ ಆಹಾರಗಳಲ್ಲಿ ಮುಂದಿರುವುದು ದನದ ಮಾಂಸ, ಹಾಲು, ಕೋಳಿ, ಗೋಧಿ. ರಾಗಿ ಆ ಸಾಲಿನಲ್ಲಿ ಇಲ್ಲ. ಹಳ್ಳಿಗಳಲ್ಲಿ ನಾಯಿಗಳು ತಲೆತಲಾಂತರದಿಂದ ಮುದ್ದೆ ತಿಂದುಕೊಂಡು ಬಂದಿವೆ. ಕಾಳುಕಡ್ಡಿ ನಾಯಿಗೆ ಜೀರ್ಣವೇ ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಪಿಷ್ಟವನ್ನು ಕರಗಿಸುವ ಅಮೈಲೇಸ್ ಜೀನು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಮನುಷ್ಯನ ಜೊತೆ ಬಾಳುತ್ತಾ ನಾಯಿಯ ಹೊಟ್ಟೆಯೂ ಬದಲಾಗಿದೆ. ಆದರೆ ಹಿಟ್ಟು ಚೆನ್ನಾಗಿ ಬೆಂದಿರಬೇಕು, ಇದರಲ್ಲಿ ರಾಜಿ ಇಲ್ಲ.

ರಾಗಿಯ ತೊಂದರೆ ಒಂದೇ, ಅದಕ್ಕೆ ಜಿಗುಟಿಲ್ಲ. ಗೋಧಿಯಲ್ಲಿರುವ ಗ್ಲೂಟನ್ ಇದರಲ್ಲಿ ಇಲ್ಲದ ಕಾರಣ ಬಿಸ್ಕತ್ತು ಒಡೆದು ಪುಡಿಯಾಗುತ್ತದೆ. ಬರಿ ನೀರು ಹಾಕಿ ಕಲಸಿದರೆ ಓವನ್‌ನಿಂದ ತೆಗೆಯುವಾಗಲೇ ಬಿರುಕು ಬಿಟ್ಟಿರುತ್ತದೆ. ಇದಕ್ಕೆ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಹಿಟ್ಟಿನ ಕಾಲು ಭಾಗವನ್ನು ಮೊದಲು ನೀರಿನಲ್ಲಿ ಗಟ್ಟಿ ಅಂಬಲಿಯ ಹಾಗೆ ಬೇಯಿಸಿಕೊಳ್ಳಿ. ಬೆಂದ ರಾಗಿ ಅಂಟಾಗುತ್ತದೆ, ಉಳಿದ ಹಸಿ ಹಿಟ್ಟನ್ನು ಅದು ಹಿಡಿದುಕೊಳ್ಳುತ್ತದೆ. ಇದಕ್ಕೆ ಮೊಟ್ಟೆಯೂ ಸೇರಿದರೆ ಬಿಸ್ಕತ್ತು ಗಟ್ಟಿಯಾಗಿ ನಿಲ್ಲುತ್ತದೆ.

ಅಳತೆ ಹೀಗಿದೆ. ರಾಗಿ ಹಿಟ್ಟು 200 ಗ್ರಾಂ. ಬೇಯಿಸಿ ನೀರು ಬಸಿದು ಕಿವುಚಿದ ಸಿಹಿಕುಂಬಳ 100 ಗ್ರಾಂ. ಮೊಟ್ಟೆ ಒಂದು. ಹಿಟ್ಟಿನಲ್ಲಿ 50 ಗ್ರಾಂ ತೆಗೆದು ಅಂಬಲಿ ಕಾಸಿ, ಆರಿದ ಮೇಲೆ ಎಲ್ಲ ಸೇರಿಸಿ ಕಲಸಿ. ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಇದನ್ನು 50 ಸಣ್ಣ ಉಂಡೆ ಮಾಡಿ, ಅಂಗೈಯಲ್ಲಿ ತಟ್ಟಿ, 160 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ. ಓವನ್ ಆರಿಸಿದ ಮೇಲೂ ತಟ್ಟೆ ಒಳಗೇ ಇರಲಿ. ಆ ಬಿಸಿಯಲ್ಲಿ ಒಳಗಿನ ತೇವ ಆರಿ ಬಿಸ್ಕತ್ತು ಗರಿಯಾಗುತ್ತದೆ. ನಮ್ಮ ಮೂಗಿಗೆ ಅಂಥ ಘಮ ಬರುವುದಿಲ್ಲ, ನಾಯಿಯ ಮೂಗಿಗೆ ಮೊಟ್ಟೆಯ ವಾಸನೆಯೇ ಸಾಕು.

ಕುಂಬಳದ ಮಾತು ಬಂದದ್ದಕ್ಕೆ ಒಂದು ಎಚ್ಚರ. ಆಯುಧಪೂಜೆಗೆ ರಸ್ತೆಯಲ್ಲಿ ಒಡೆಯುವುದು ಬೂದುಕುಂಬಳ. ಅದರಲ್ಲಿ ಕುಂಕುಮ ತುಂಬಿ, ಒಳಗೆ ಕಾಸು ಹಾಕಿರುತ್ತಾರೆ, ಪಕ್ಕದಲ್ಲಿ ನಿಂಬೆಹಣ್ಣು. ಆ ದಿನ ಸಂಜೆ ನಾಯಿಯನ್ನು ಓಡಾಡಿಸಲು ಕರೆದೊಯ್ದರೆ ಹಗ್ಗ ಗಿಡ್ಡಕ್ಕೆ ಹಿಡಿಯಿರಿ. ಅಂಗಡಿಯ ಕುಂಕುಮದಲ್ಲಿ ಯಾವ ಬಣ್ಣ ಕಲಸಿರುತ್ತಾರೋ ಹೇಳಲಾಗದು, ಕಾಸು ನುಂಗಿದರಂತೂ ಆಪರೇಷನ್‌ವರೆಗೆ ಹೋಗಬಹುದು.

ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮೂಳೆ ಗಟ್ಟಿಯಾಗಲಿ ಎಂದು ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮರಿಗಳಿಗೆ ಇದನ್ನೇ ರಾಶಿ ಹಾಕುವವರಿದ್ದಾರೆ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಮಿತಿ ಮೀರಿದರೆ ಮೂಳೆ ಸರಿಯಾಗಿ ಬೆಳೆಯುವುದಿಲ್ಲ. ತಿಂಡಿಯಾಗಿ ಒಂದೆರಡು ಸಾಕು. ಮೂತ್ರದಲ್ಲಿ ಕಲ್ಲಾಗುವ ತೊಂದರೆ ಇರುವ ನಾಯಿಗೆ ರಾಗಿ, ಗೆಣಸು ಎರಡನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಎರಡರಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಇದೆ.

ಗೋಧಿ

ಮನೆಯಲ್ಲಿ ಮಕ್ಕಳಿದ್ದು, ಅಚ್ಚಿನಲ್ಲಿ ಆನೆ ಆಕಾರದ ಬಿಸ್ಕತ್ತು ಕತ್ತರಿಸಬೇಕು ಎಂದು ಹಟ ಹಿಡಿದರೆ ಗೋಧಿಯೇ ಬೇಕು. ಲಟ್ಟಣಿಗೆಯಲ್ಲಿ ತೆಳುವಾಗಿ ಲಟ್ಟಿಸಬಹುದು, ಸೊಂಡಿಲು ಮುರಿಯದೆ ಬರುತ್ತದೆ. ರಾಗಿಯಲ್ಲಿ ಈ ಆಕಾರ ನಿಲ್ಲುವುದಿಲ್ಲ. ಗೋಧಿ ಹಿಟ್ಟು, ಮೊಟ್ಟೆ, ಕಿವುಚಿದ ಗೆಣಸು ಇಷ್ಟೇ ಸಾಕು. ಎಲ್ಲರೂ ಸೇರಿ ಕೂತು ಮಾಡಲು ಇದಕ್ಕಿಂತ ಖುಷಿಯ ಕೆಲಸ ಇಲ್ಲ.

ಹೆಚ್ಚಿನ ನಾಯಿಗಳಿಗೆ ಗೋಧಿ ಒಗ್ಗುತ್ತದೆ. ಕಿವಿ ಪದೇ ಪದೇ ಕೆಂಪಾಗುವುದು, ಪಂಜ ನೆಕ್ಕುತ್ತಲೇ ಇರುವುದು ಇದ್ದರೆ ಮಾತ್ರ ರಾಗಿಯ ಕಡೆ ಬನ್ನಿ. ಮೈದಾ ಬೇಡ, ಅದರಲ್ಲಿ ನಾರು ತೀರಾ ಕಡಿಮೆ.

ಓಟ್ಸ್ ಕೂಡ ಆಗುತ್ತದೆ, ಮಿಕ್ಸಿಯಲ್ಲಿ ಪುಡಿ ಮಾಡಿ ಬಾಳೆಹಣ್ಣಿನ ಜೊತೆ ಕಲಸಬಹುದು. ಕಡ್ಲೆಕಾಯಿ ಬೀಜ ಹುರಿದು ಬೀಸಿ ಒಂದು ಚಮಚ ಸೇರಿಸಿದರೆ ನಾಯಿಗಳಿಗೆ ಪ್ರಾಣ. ಬೀಜ ಮುಗ್ಗಲು ವಾಸನೆ ಬಂದಿದ್ದರೆ ಎಸೆಯಿರಿ. ಬೂಷ್ಟು ಹಿಡಿದ ಕಡ್ಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ನಾಯಿಯ ಪಿತ್ತಜನಕಾಂಗ ಅದನ್ನು ತಡೆಯುವುದಿಲ್ಲ.

ಗೆಣಸು

ಹಿಟ್ಟಿನ ಸಹವಾಸವೇ ಬೇಡ ಎನ್ನುವವರಿಗೆ ಇದು. ಗೆಣಸನ್ನು ಚೆನ್ನಾಗಿ ತೊಳೆದು, ಉದ್ದುದ್ದಕ್ಕೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಹೆಚ್ಚಿ, 120 ಡಿಗ್ರಿಯಲ್ಲಿ ಎರಡೂವರೆ ಮೂರು ಗಂಟೆ ಇಡಬೇಕು. ನಡುವೆ ಒಮ್ಮೆ ಮಗುಚಿ ಹಾಕಿ. ಹೊರಗೆ ಒಣಗಿ, ಒಳಗೆ ಜಗಿಯುವ ಹಾಗಿರುತ್ತದೆ. ಒಂದೇ ಪದಾರ್ಥ ಆದ್ದರಿಂದ ಅಲರ್ಜಿ ಇರುವ ನಾಯಿಗೆ ಇದರಷ್ಟು ನಿಶ್ಚಿಂತೆಯ ತಿಂಡಿ ಇಲ್ಲ. ನವರಾತ್ರಿಯಲ್ಲಿ ಮನೆಯೊಳಗೆ ಮೊಟ್ಟೆ ತರದವರಿಗೂ ಸರಿಹೋಗುತ್ತದೆ.

ಕೊರತೆಯೂ ಇದೆ. ಕರೆಂಟು ಬಹಳ ಹೊತ್ತು ಉರಿಯುತ್ತದೆ. ಬಿಸಿಲಿನಲ್ಲಿ ಒಣಗಿಸೋಣ ಎಂದರೆ ದಸರಾ ಹೊತ್ತಿಗೆ ಮೈಸೂರಿನಲ್ಲಿ ಮಧ್ಯಾಹ್ನ ಮಳೆ ಬಂದುಬಿಡಬಹುದು, ಬಿಸಿಲನ್ನು ನೆಚ್ಚುವ ಹಾಗಿಲ್ಲ. ಅದು ಸಂಕ್ರಾಂತಿಯ ಬಿಸಿಲಿಗೆ ಸರಿ, ಅವರೆಕಾಯಿ, ಗೆಣಸು ಮಾರ್ಕೆಟ್ ತುಂಬ ಇರುವ ಕಾಲವೂ ಅದೇ. ಇನ್ನು, ಜಗಿಯದೆ ನುಂಗುವ ನಾಯಿಗೆ ಉದ್ದನೆಯ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಂಥ ನಾಯಿಗೆ ನೀವೇ ಕೈಯಲ್ಲಿ ಒಂದು ತುದಿ ಹಿಡಿದುಕೊಂಡು ತಿನ್ನಿಸಿ. ಹಸಿ ಗೆಣಸು ಕೊಡಬೇಡಿ.

ಕೋಳಿ

ನಾಯಿಯನ್ನೇ ಕೇಳಿದರೆ ಇದಕ್ಕೇ ವೋಟು. ನನ್ನ ಅಭಿಪ್ರಾಯದಲ್ಲಿ ಇದು ಹಬ್ಬಕ್ಕಿಂತ ತರಬೇತಿಗೆ ಒಳ್ಳೆಯದು. ಸಣ್ಣ ಚೂರು ತೋರಿಸಿದರೂ ಕೂತ ಕಡೆ ಕೂತಿರುತ್ತದೆ. ರೈತ ದಸರಾದ ಸಾಕುಪ್ರಾಣಿಗಳ ಪ್ರದರ್ಶನಕ್ಕೆ ನಾಯಿಯನ್ನು ಕರೆದೊಯ್ಯುವವರು ಜೇಬಿನಲ್ಲಿ ಇದನ್ನು ಇಟ್ಟುಕೊಂಡರೆ ಜನಸಂದಣಿಯಲ್ಲೂ ಅದರ ಗಮನ ನಿಮ್ಮ ಮೇಲೇ ಇರುತ್ತದೆ.

ಮೂಳೆ ಇಲ್ಲದ ಎದೆ ಮಾಂಸ ತೆಗೆದುಕೊಳ್ಳಿ, ಅದರಲ್ಲಿ ಕೊಬ್ಬು ಕಡಿಮೆ. ಇಲ್ಲಿ ಜನ ತಪ್ಪುವ ಜಾಗ ಒಂದಿದೆ. ಹಸಿ ಮಾಂಸವನ್ನು ಹಾಗೇ ಸಣ್ಣ ಉರಿಯಲ್ಲಿ ಒಣಗಿಸಿದರೆ ಸಾಲ್ಮೊನೆಲ್ಲಾದಂಥ ಕ್ರಿಮಿಗಳು ಸಾಯದೆ ಉಳಿಯಬಹುದು. ಮೊದಲು ಮಾಂಸದ ಒಳಭಾಗ 74 ಡಿಗ್ರಿ ಮುಟ್ಟುವಂತೆ ಪೂರ್ತಿ ಬೇಯಿಸಿ, ಆಮೇಲೆ ತೆಳುವಾಗಿ ಸೀಳಿ ಒಣಗಿಸಬೇಕು. ಅರಿಶಿನ, ಉಪ್ಪು, ಮಸಾಲೆ ಏನೂ ಬೇಡ. ಕೋಳಿ ಲಿವರ್ ಕೂಡ ನಾಯಿಗಳಿಗೆ ಬಲು ಇಷ್ಟ. ಅದರಲ್ಲಿ ವಿಟಮಿನ್ ಎ ತುಂಬಾ ಇರುವುದರಿಂದ ದಿನವೂ ಕೊಡುವ ತಿಂಡಿ ಅದಲ್ಲ.

ಮಾರ್ಲಾಮಿಯಲ್ಲೋ ಹೊಸತೊಡಕಿನಲ್ಲೋ ಬಾಡೂಟ ಮಾಡಿದಾಗ ಮಿಕ್ಕ ಮೂಳೆಯನ್ನು ನಾಯಿಗೆ ಹಾಕುವುದು ಮಂಡ್ಯ, ಮೈಸೂರು ಹಳ್ಳಿಗಳಲ್ಲಿ ಮಾಮೂಲು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳನ್ನು ಚುಚ್ಚುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ. ಅದೇ ದಿನ ಮಸಾಲೆ ಹಾಕುವ ಮೊದಲೇ ನಾಲ್ಕು ತುಂಡು ಮಾಂಸ ಬೇರೆ ಬೇಯಿಸಿಟ್ಟರೆ ನಾಯಿಗೂ ಊಟವಾಯಿತು.

ಓವನ್ ಇಲ್ಲದಿದ್ದರೆ

ಓಟಿಜಿ (ಕರೆಂಟಿನ ಚಿಕ್ಕ ಓವನ್) ಇದ್ದರೆ ಅದೇ ಒಳ್ಳೆಯದು, ಬಿಸ್ಕತ್ತು ಪೂರ್ತಿ ಒಣಗುತ್ತದೆ, ಬಹಳ ದಿನ ಇರುತ್ತದೆ. ಇಲ್ಲದವರು ಹಳೆಯ ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಬಿಡಿ. ಕುಕ್ಕರಿನಲ್ಲೇ ಮಾಡುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿರಬೇಕು. ಬಿಸ್ಕತ್ತಿನ ತಳ ಸ್ವಲ್ಪ ಕಂದಾಗುತ್ತದೆ, ಸೀದರೆ ಮಾತ್ರ ಎಸೆಯಿರಿ. ಕಾವಲಿಯ ಮೇಲೆ ಮುಚ್ಚಿ ಎರಡೂ ಕಡೆ ಬೇಯಿಸಿದರೆ ಮೆತ್ತಗಿನ ತಿಂಡಿ ಆಗುತ್ತದೆ. ಒಳಗೆ ತೇವ ಉಳಿಯುವುದರಿಂದ ಎರಡು ದಿನದಲ್ಲಿ ಮುಗಿಸಬೇಕು. ಮೈಕ್ರೋವೇವ್ ನನಗೆ ಹಿಡಿಸುವುದಿಲ್ಲ, ಹಿಟ್ಟು ರಬ್ಬರಿನಂತಾಗುತ್ತದೆ.

ಹಲ್ಲು ಉದುರಿದ ನಾಯಿಗೆ ಬೇಕಿಂಗ್ ಬಿಟ್ಟು ಹಬೆಯ ದಾರಿ ಹಿಡಿಯಿರಿ. ಮೇಲೆ ಹೇಳಿದ ರಾಗಿ, ಕುಂಬಳ, ಮೊಟ್ಟೆಗೆ ಇನ್ನಷ್ಟು ನೀರು ಸೇರಿಸಿ ಸಡಿಲ ಮಾಡಿ, ಇಡ್ಲಿ ತಟ್ಟೆಯಲ್ಲಿ ಹಬೆ ಕೊಡಿ. ಮೆತ್ತಗೆ, ಬೆಚ್ಚಗೆ ಇರುವಾಗ ಚೂರು ಮಾಡಿ ಕೊಟ್ಟರೆ ವಯಸ್ಸಾದ ನಾಯಿ ತಾನೇ ಮುಂದೆ ಬಂದು ತಿನ್ನುತ್ತದೆ. ಮುದಿ ನಾಯಿಗೆ ವಾಸನೆ ಹತ್ತುವುದೂ ನಿಧಾನ, ಬೆಚ್ಚಗಿದ್ದರೆ ಘಮ ಬೇಗ ಏಳುತ್ತದೆ.

ಎಷ್ಟು ಕೊಡಬೇಕು

ತಿಂಡಿಯಿಂದ ಬರುವ ಕ್ಯಾಲೊರಿ ದಿನದ ಒಟ್ಟು ಆಹಾರದ ಶೇ. 10 ದಾಟಬಾರದು ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಮೇಲಿನ ಅಳತೆಯಲ್ಲಿ ಮಾಡಿದ 50 ರಾಗಿ ಬಿಸ್ಕತ್ತಿನಲ್ಲಿ ಒಂದೊಂದಕ್ಕೆ ಸುಮಾರು 15 ಕ್ಯಾಲೊರಿ ಬರುತ್ತದೆ. ಮನೆಯೊಳಗೇ ಇರುವ 5 ಕೆ.ಜಿ. ಪೊಮೇರಿಯನ್‌ಗೆ ದಿನಕ್ಕೆ ಎರಡು. 10 ಕೆ.ಜಿ. ನಾಯಿಗೆ ನಾಲ್ಕು. 25 ಕೆ.ಜಿ. ಲ್ಯಾಬ್ರಡಾರ್‌ಗೆ ಎಂಟು, ಅದು ಈಗಾಗಲೇ ದಪ್ಪಗಿದ್ದರೆ ಇನ್ನೂ ಕಡಿಮೆ. ಈ ಲೆಕ್ಕ ಮನೆಯವರೆಲ್ಲರಿಗೂ ಗೊತ್ತಿರಬೇಕು. ಹಬ್ಬದ ದಿನ ಅಪ್ಪ ಎರಡು, ಅತ್ತೆ ಎರಡು, ಬಂದ ನೆಂಟರು ಒಂದೊಂದು ಎಂದು ಹಾಕಿದರೆ ಲೆಕ್ಕ ತಪ್ಪುತ್ತದೆ. ದಿನದ ಪಾಲನ್ನು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಕ್ಕೆ ಹಾಕಿಟ್ಟು, ಯಾರು ಕೊಟ್ಟರೂ ಅದರಿಂದಲೇ ಕೊಡಿ ಎಂದು ಹೇಳಿ. ಬೊಂಬೆ ನೋಡಲು ಬಂದ ಮಕ್ಕಳ ಕೈಗೂ ಆ ಡಬ್ಬದ ತುಂಡನ್ನೇ ಕೊಟ್ಟರೆ ಅವರು ತಮ್ಮ ಚಕ್ಕುಲಿ ಹಾಕುವುದು ತಪ್ಪುತ್ತದೆ.

ದೀಪಾವಳಿಗೆ ಆಯ್ಕೆ ಬೇರೆ. ಪಟಾಕಿಗೆ ಹೆದರಿದ ನಾಯಿ ಎಷ್ಟೋ ಸಲ ತಿನ್ನುವುದೇ ಇಲ್ಲ. ಕತ್ತಲಾಗುವ ಮೊದಲೇ, ಸದ್ದು ಶುರುವಾಗುವ ಮುಂಚೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೆಣಸಿನ ತುಂಡು ಕೊಟ್ಟು ಪಕ್ಕದಲ್ಲೇ ಕೂತುಕೊಳ್ಳಿ. ಜಗಿಯುತ್ತಾ ಕೂತ ನಾಯಿಗೆ ಸ್ವಲ್ಪವಾದರೂ ಸಮಾಧಾನ ಸಿಗುತ್ತದೆ. ಆ ಹೊತ್ತಿಗೆ ಬಿಸ್ಕತ್ತು ಉಪಯೋಗಕ್ಕೆ ಬರುವುದಿಲ್ಲ, ಎರಡು ಕ್ಷಣದಲ್ಲಿ ಮುಗಿದುಹೋಗುತ್ತದೆ.

ಯಾವುದನ್ನು ಆರಿಸಿಕೊಂಡರೂ ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಸ್ವಲ್ಪ ಮಾಡಿ ಒಂದು ತುಂಡು ಕೊಟ್ಟು ನೋಡಿ. ಮಾರನೇ ದಿನ ಹೊಟ್ಟೆ ಸರಿ ಇದ್ದರೆ, ಕೆರೆತ ಶುರುವಾಗದಿದ್ದರೆ ಮುಂದುವರಿಸಬಹುದು. ಪೂರ್ತಿ ಒಣಗಿದ ರಾಗಿ, ಗೋಧಿ ಬಿಸ್ಕತ್ತು ಗಾಳಿ ಆಡದ ಡಬ್ಬದಲ್ಲಿ ಹೊರಗೆ ಒಂದು ವಾರ ಇರುತ್ತದೆ. ಮಳೆ ಹಿಡಿದಿದ್ದರೆ ಫ್ರಿಜ್ಜಿನಲ್ಲೇ ಇಡಿ. ಗೆಣಸಿನ ತುಂಡಿನ ಒಳಗೆ ತೇವ ಇರುವುದರಿಂದ ಅದಕ್ಕೂ ಫ್ರಿಜ್ಜೇ ಸರಿ. ಕೋಳಿ, ಹಬೆಯಲ್ಲಿ ಬೆಂದದ್ದು ಫ್ರಿಜ್ಜಿನಲ್ಲಿ ಮೂರು ದಿನ. ಒಂದು ತುಂಡಿಗೆ ಬೂಷ್ಟು ಕಂಡರೂ ಇಡೀ ಡಬ್ಬ ಎಸೆಯಿರಿ. ಫ್ರೀಜರಿನಲ್ಲಿ ಇಟ್ಟರೆ ದಸರಾಗೆ ಮಾಡಿದ್ದು ದೀಪಾವಳಿಯವರೆಗೂ ಬರುತ್ತದೆ, ಬೇಕಾದಷ್ಟನ್ನು ಹಿಂದಿನ ರಾತ್ರಿ ಕೆಳಗಿನ ತಟ್ಟೆಗೆ ಇಳಿಸಿಟ್ಟರೆ ಸಾಕು.